ಒಡೆದದ್ದನ್ನು ಒಡೆದದ್ದೆಂದೇ ಬರೆಯಿರಿ

ಪ್ರೊಸೆಸರ್ ಎಮ್ಯುಲೇಟರುಗಳಿಗೆ ಟ್ರೇಸ್ ಸಲಕರಣೆ ಬರೆಯುತ್ತಿರುವ ಎಂಜಿನಿಯರುಗಳಿಗೆ, ಅದನ್ನು ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ,



ನಿಮ್ಮಲ್ಲಿ ಹಲವರು ಬೆಂಗಳೂರಿನ ಚಿಪ್ ವಿನ್ಯಾಸ ಕೇಂದ್ರಗಳಲ್ಲಿ ಕೆಲಸಕ್ಕಿದ್ದೀರಿ. ಇನ್ನು ಹಲವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ನಾಡಿನ ಬೇರೆ ಬೇರೆ ಎಂಜಿನಿಯರಿಂಗ್ ಕಾಲೇಜುಗಳಲ್ಲೋ ಕಂಪ್ಯೂಟರ್ ಆರ್ಕಿಟೆಕ್ಚರ್ ಓದುತ್ತಿದ್ದೀರಿ. ಚಿಪ್ ಇನ್ನೂ ಕೈಗೆ ಬಂದಿರದಿದ್ದಾಗ, ಅಥವಾ ಬಂದ ಚಿಪ್ಪಿನ ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದ ಕಾಣದಿದ್ದಾಗ, ಎಮ್ಯುಲೇಟರ್ ಒಂದು ಮುಖ್ಯ ದಾರಿ. ಪ್ರೋಗ್ರಾಮನ್ನು ಅದರ ಮೇಲೆ ಓಡಿಸಿ, ಯಾವ ಇನ್‌ಸ್ಟ್ರಕ್ಷನ್ ಮೆಮೊರಿಯ ಯಾವ ವಿಳಾಸದಿಂದ ಓದಿತು, ಎಲ್ಲಿ ಏನು ಬರೆಯಿತು ಎಂಬುದನ್ನು ಸಾಲು ಸಾಲಾಗಿ ಲಾಗಿಗೆ ಇಳಿಸುವ ಸಲಕರಣೆ ನಿಮ್ಮದು. ಆ ಲಾಗನ್ನು ಓದುವವರು ಬೇರೆಯವರು. ಕ್ಯಾಶ್ ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸುವವರು, ಭದ್ರತೆಯ ದೋಷ ಹುಡುಕುವವರು, ಎರಡು ಕೋರುಗಳ ನಡುವಿನ ತಕರಾರನ್ನು ಬಿಡಿಸುವವರು ಅದನ್ನು ನಂಬಿ ಮುಂದಿನ ಹೆಜ್ಜೆ ಇಡುತ್ತಾರೆ. ಹಾಗಾಗಿ ನಿಮ್ಮ ಮುಂದೆ ಒಂದು ಕೋರಿಕೆ ಇಡಲು ಈ ಪತ್ರ. ಒಂದೇ ಇನ್‌ಸ್ಟ್ರಕ್ಷನ್ 16, 32 ಅಥವಾ 64 ಬೈಟುಗಳನ್ನು ಒಟ್ಟಿಗೆ ಮುಟ್ಟಿದಾಗ, ಅದನ್ನು ಇಡಿಯಾಗಿ ದಾಖಲಿಸಿ. ಎಮ್ಯುಲೇಟರ್ ತನ್ನ ಅನುಕೂಲಕ್ಕೆ ಅದನ್ನು ತುಂಡು ಮಾಡಿದ್ದರೆ, ಆ ತುಂಡುಗಳು ಯಾವುದರ ತುಂಡುಗಳು ಎಂಬುದನ್ನೂ ಜೊತೆಗೇ ದಾಖಲಿಸಿ.

ಇದು ಅಪರೂಪದ ಸಂದರ್ಭಕ್ಕೆ ಸೇರಿದ ಮಾತಲ್ಲ. 1999ರಲ್ಲಿ ಪೆಂಟಿಯಂ 3 ಜೊತೆಗೆ ಬಂದ ಎಸ್‌ಎಸ್‌ಇ ಇನ್‌ಸ್ಟ್ರಕ್ಷನ್‌ಗಳು 128 ಬಿಟ್, ಅಂದರೆ 16 ಬೈಟುಗಳನ್ನು ಒಂದೇ ಏಟಿಗೆ ಮೆಮೊರಿಯಿಂದ ಎತ್ತುತ್ತಿದ್ದವು. 2011ರ ಎವಿಎಕ್ಸ್ ಅದನ್ನು 32 ಬೈಟಿಗೆ ಏರಿಸಿತು, ಆಮೇಲೆ ಬಂದ ಎವಿಎಕ್ಸ್-512 64 ಬೈಟಿಗೆ. ಆರ್ಮ್ ಪಾಳಯದ ಎಸ್‌ವಿಇ ಒಂದೇ ಅಗಲಕ್ಕೆ ಕಟ್ಟುಬೀಳಲಿಲ್ಲ. 128 ಬಿಟ್‌ನಿಂದ 2048 ಬಿಟ್‌ವರೆಗೆ ಚಿಪ್ ಮಾಡುವವರು ತಮಗೆ ಬೇಕಾದ ಅಗಲ ಆರಿಸಿಕೊಳ್ಳಬಹುದು. 2020ರ ಜೂನ್‌ನಲ್ಲಿ ಜಗತ್ತಿನ ಅತಿ ವೇಗದ ಸೂಪರ್ ಕಂಪ್ಯೂಟರ್ ಎನಿಸಿದ ಜಪಾನಿನ ಫುಗಾಕುವಿನಲ್ಲಿರುವ ಎ64ಎಫ್‌ಎಕ್ಸ್ ಚಿಪ್ 512 ಬಿಟ್ ಆರಿಸಿಕೊಂಡಿತು. 2021ರಲ್ಲಿ ಅಂಗೀಕಾರವಾದ ರಿಸ್ಕ್-ಫೈವ್ ವೆಕ್ಟರ್ ವಿಸ್ತರಣೆಯದೂ ಇದೇ ಜಾಡು. ಇಂದು ಮೆಮೊರಿಯ ಒಂದು ಭಾಗವನ್ನು ಇನ್ನೊಂದಕ್ಕೆ ನಕಲಿಸುವ ಸಾಮಾನ್ಯ ಲೈಬ್ರರಿ ಫಂಕ್ಷನ್ ಕೂಡ ಅಗಲವಾದ ಲೋಡ್, ಸ್ಟೋರುಗಳನ್ನೇ ಬಳಸುತ್ತದೆ. ಆದ್ದರಿಂದ ಅಗಲವಾದ ಪ್ರವೇಶಗಳನ್ನು ಸರಿಯಾಗಿ ಹಿಡಿಯದ ಟ್ರೇಸ್, ದಿನನಿತ್ಯದ ಪ್ರೋಗ್ರಾಮುಗಳ ನಡುಭಾಗವನ್ನೇ ತಪ್ಪಾಗಿ ಬರೆದಂತಾಗುತ್ತದೆ.

ತುಂಡಾಗುವುದು ಎಲ್ಲಿ ಎಂಬುದನ್ನು ಕ್ಯೂಎಮುವಿನ ಉದಾಹರಣೆಯಿಂದ ನೋಡಬಹುದು. ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಆರಂಭಿಸಿದ ಈ ಎಮ್ಯುಲೇಟರ್ ಅತಿಥಿ ಪ್ರೊಸೆಸರಿನ ಇನ್‌ಸ್ಟ್ರಕ್ಷನ್‌ಗಳನ್ನು ಓಡುವ ಹೊತ್ತಿನಲ್ಲೇ ಅನುವಾದಿಸುತ್ತದೆ: ಮೊದಲು ತನ್ನದೇ ನಡುಭಾಷೆಗೆ, ಅಲ್ಲಿಂದ ಆತಿಥೇಯ ಯಂತ್ರದ ಭಾಷೆಗೆ. ಆ ನಡುಭಾಷೆಯ ಸಹಜ ಅಳತೆ ಬಹುಕಾಲ 32 ಮತ್ತು 64 ಬಿಟ್ ಆಗಿತ್ತು. ಎಕ್ಸ್86ರ 16 ಬೈಟಿನ ಲೋಡನ್ನು ಹಿಂದಿನ ಆವೃತ್ತಿಗಳು ತಲಾ 8 ಬೈಟಿನ ಎರಡು ಲೋಡುಗಳಾಗಿಯೇ ಅನುವಾದಿಸುತ್ತಿದ್ದವು. 128 ಬಿಟ್‌ನ ಬೆಲೆಯನ್ನು ನಡುಭಾಷೆಯಲ್ಲೇ ಹಿಡಿಯುವ ಸೌಲಭ್ಯ 2023ರ ಹೊತ್ತಿಗೆ ಬಂತು. ಆದರೂ 32 ಬೈಟಿನ ಎವಿಎಕ್ಸ್ ಲೋಡ್ 16ರ ಎರಡು ತುಂಡುಗಳಾಗಿಯೇ ಉಳಿಯಿತು. ಹೊರಗಿನವರು ಬರೆದ ಪ್ಲಗಿನ್ ಮೆಮೊರಿ ಪ್ರವೇಶಗಳನ್ನು ಕಾಣುವ ವ್ಯವಸ್ಥೆ 2019ರ ಡಿಸೆಂಬರ್‌ನ 4.2 ಆವೃತ್ತಿಯಲ್ಲಿ ಬಂತು. ಆಗ ವಿಳಾಸ, ಅಗಲ, ಓದೋ ಬರಹವೋ ಎಂಬುದು ಸಿಗುತ್ತಿತ್ತು, ಓದಿದ ಅಥವಾ ಬರೆದ ಬೆಲೆ ಸಿಗುತ್ತಿರಲಿಲ್ಲ. ಬೆಲೆಯನ್ನೂ 128 ಬಿಟ್‌ವರೆಗೆ ಪ್ಲಗಿನ್‌ಗೆ ಒಪ್ಪಿಸುವ ಸೌಲಭ್ಯಕ್ಕೆ 2024ರ ಡಿಸೆಂಬರ್‌ನ 9.2 ಆವೃತ್ತಿಯವರೆಗೆ ಕಾಯಬೇಕಾಯಿತು. ಎಮ್ಯುಲೇಟರಿನ ಹೊಣೆ ಅಂತಿಮ ಫಲಿತಾಂಶ ಸರಿಯಿರುವಂತೆ ನೋಡಿಕೊಳ್ಳುವುದು. 16 ಬೈಟನ್ನು ಎರಡು ಕಂತಿನಲ್ಲಿ ಎತ್ತಿದರೂ ರಿಜಿಸ್ಟರಿನಲ್ಲಿ ಸರಿಯಾದ ಬೆಲೆ ಬಂದು ಕೂತರೆ ಅದರ ಕೆಲಸ ಬಹುಪಾಲು ಮುಗಿಯಿತು. ಟ್ರೇಸಿನ ಹೊಣೆ ಬೇರೆ. ಅತಿಥಿ ಪ್ರೋಗ್ರಾಮ್ ಏನು ಮಾಡಿತು ಎಂದು ಹೇಳಬೇಕಾದದ್ದು ಅದು. ಎಮ್ಯುಲೇಟರ್ ತನ್ನೊಳಗೆ ಏನು ಮಾಡಿಕೊಂಡಿತು ಎಂಬುದನ್ನು ಅತಿಥಿಯ ನಡೆ ಎಂದು ಬರೆದರೆ ಟ್ರೇಸ್ ತನ್ನ ಹೊಣೆಯನ್ನೇ ಬಿಟ್ಟುಕೊಟ್ಟ ಹಾಗೆ.

ಇದರಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ತೋರಿಸಬಹುದು. 4096 ಬೈಟುಗಳ ಒಂದು ಪುಟವನ್ನು ಮೊದಲಿಂದ ಕೊನೆಯವರೆಗೆ ಓದುವ ಮೂರು ಪ್ರೋಗ್ರಾಮುಗಳನ್ನು ತೆಗೆದುಕೊಳ್ಳಿ. ಮೊದಲನೆಯದು 8 ಬೈಟಿನ ಲೋಡ್ ಬಳಸುತ್ತದೆ, ಎರಡನೆಯದು 16 ಬೈಟಿನದು, ಮೂರನೆಯದು 64 ಬೈಟಿನದು. ಕ್ಯಾಶ್ ಖಾಲಿಯಿದೆ, ಒಂದು ಕ್ಯಾಶ್ ಲೈನ್ 64 ಬೈಟ್ ಎಂದಿಟ್ಟುಕೊಳ್ಳಿ. ಮೂರರಲ್ಲೂ ಮಿಸ್‌ಗಳು 64. ಆದರೆ ಲೋಡುಗಳ ಸಂಖ್ಯೆ ಕ್ರಮವಾಗಿ 512, 256 ಮತ್ತು 64. ಮಿಸ್ ಪ್ರಮಾಣ ಶೇ 12.5, ಶೇ 25 ಮತ್ತು ಶೇ 100. ಈಗ ಎಲ್ಲವನ್ನೂ 8 ಬೈಟಿನ ತುಂಡುಗಳಾಗಿ ಬರೆಯುವ ಟ್ರೇಸನ್ನು ಕ್ಯಾಶ್ ಸಿಮ್ಯುಲೇಟರಿಗೆ ಕೊಡಿ. ಮೂರೂ ಪ್ರೋಗ್ರಾಮುಗಳಿಗೆ 512 ಲೋಡ್, ಶೇ 12.5 ಮಿಸ್ ಎಂದು ಅದು ಹೇಳುತ್ತದೆ. ವೆಕ್ಟರ್ ಬಳಸಿ ಪ್ರೋಗ್ರಾಮರ್ ಗಳಿಸಿದ್ದೆಲ್ಲ ಕಾಗದದ ಮೇಲೆ ಅಳಿಸಿಹೋಯಿತು. ಮೂರು ಬೇರೆ ಬೇರೆ ಪ್ರೋಗ್ರಾಮುಗಳು ಒಂದೇ ಮುಖ ಹೊತ್ತು ನಿಂತವು. ಲೋಡ್ ಘಟಕದ ಮೇಲೆ ಎಷ್ಟು ಹೊರೆ ಬೀಳುತ್ತದೆ, ಪ್ರತಿ ಲೋಡ್ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಈ ಅಂಕಿಗಳಿಂದ ಅಂದಾಜು ಮಾಡುವ ವಿನ್ಯಾಸಕರು ದಾರಿ ತಪ್ಪುತ್ತಾರೆ. ಲೆಕ್ಕದಲ್ಲಿ ಒಂದು ತಪ್ಪೂ ಕಣ್ಣಿಗೆ ಬೀಳದ ಕಾರಣ, ತಪ್ಪಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ.

ತುಂಡು ಮಾಡಿ ಬರೆದಾಗ ಬೈಟುಗಳಾದರೂ ಉಳಿಯುತ್ತವೆ. ಒಂದು ಭಾಗವನ್ನು ಕತ್ತರಿಸಿ ಬಿಟ್ಟು ಬರೆದಾಗ ಅವೂ ಉಳಿಯುವುದಿಲ್ಲ, ಇದು ಎರಡನೆಯ ನಷ್ಟ. ಲಾಗಿನಲ್ಲಿ ಬೆಲೆಗೆಂದು 64 ಬಿಟ್‌ನ ಒಂದು ಖಾನೆ ಮಾತ್ರ ಇಟ್ಟ ಸಲಕರಣೆ, 16 ಬೈಟಿನ ಸ್ಟೋರ್ ಬಂದಾಗ ಕೆಳಗಿನ 8 ಬೈಟು ಇಟ್ಟುಕೊಂಡು ಮೇಲಿನ 8 ಬೈಟನ್ನು ಸದ್ದಿಲ್ಲದೆ ಕೈಬಿಡುವ ಅಪಾಯವಿದೆ. ಎಇಎಸ್ ಗೂಢಲಿಪಿಯನ್ನು ಗಮನಿಸಿ. ಅದು ಕೆಲಸ ಮಾಡುವುದೇ 16 ಬೈಟಿನ ಕಂತುಗಳಲ್ಲಿ. 128 ಬಿಟ್ ಕೀಲಿಯ ಎಇಎಸ್‌ಗೆ 11 ಸುತ್ತಿನ ಕೀಲಿಗಳು ಬೇಕು, ಒಟ್ಟು 176 ಬೈಟ್. ಅವುಗಳಲ್ಲಿ ಮೊದಲನೆಯದು ಮೂಲ ಕೀಲಿಯೇ. ವೆಕ್ಟರ್ ರಿಜಿಸ್ಟರುಗಳಲ್ಲಿ ಎಇಎಸ್ ನಡೆಸುವ ಪ್ರೋಗ್ರಾಮುಗಳಲ್ಲಿ ಇವನ್ನು ಪ್ರೊಸೆಸರ್ ಒಂದೊಂದೂ 16 ಬೈಟಿನ ಪ್ರವೇಶವಾಗಿ ಮೆಮೊರಿಯಲ್ಲಿಟ್ಟು ಎತ್ತಿಕೊಳ್ಳುತ್ತದೆ. ಮೇಲಿನ ಅರ್ಧವನ್ನು ಕೈಬಿಟ್ಟ ಟ್ರೇಸಿನಲ್ಲಿ 88 ಬೈಟುಗಳಷ್ಟೇ ಕಾಣುತ್ತವೆ. ಕೀಲಿ ಮೆಮೊರಿಯಲ್ಲಿ ಉಳಿದುಹೋಯಿತೇ, ಅಳಿಸಿದ್ದು ಪೂರ್ತಿ ಅಳಿಯಿತೇ ಎಂದು ಪರೀಕ್ಷಿಸುವವರು ಆ ಲಾಗಿನಲ್ಲಿ 16 ಬೈಟಿನ ಕೀಲಿಯನ್ನು ಹುಡುಕಿದರೆ ಸಿಗುವುದಿಲ್ಲ. ಸಿಗದಿದ್ದುದನ್ನು ಅವರು ಸೋರಿಕೆ ಇಲ್ಲ ಎಂದು ಓದಿಕೊಳ್ಳುತ್ತಾರೆ. ಇಲ್ಲದ ದೋಷವನ್ನು ತೋರಿಸುವ ಸಲಕರಣೆ ಒಂದು ದಿನದ ಶ್ರಮ ಹಾಳುಮಾಡಬಹುದು. ಇರುವ ದೋಷವನ್ನು ಇಲ್ಲವೆಂದು ತೋರಿಸುವ ಸಲಕರಣೆ ಅದಕ್ಕಿಂತ ಎಷ್ಟೋ ಕೆಟ್ಟದ್ದು.

ಮೂರನೆಯ ನಷ್ಟ ಹಲವು ಕೋರುಗಳು ಒಟ್ಟಿಗೆ ಓಡುವಾಗ ಆಗುವಂಥದ್ದು. ಎಕ್ಸ್86ರಲ್ಲಿ 16 ಬೈಟನ್ನು ಹೋಲಿಸಿ, ಸರಿಹೊಂದಿದರೆ ಮಾತ್ರ ಬದಲಿಸುವ ಒಂದು ಇನ್‌ಸ್ಟ್ರಕ್ಷನ್ ಇದೆ. ಬೀಗವಿಲ್ಲದ ಪಟ್ಟಿಗಳನ್ನು ಕಟ್ಟುವವರು ಅದರ ಮೊದಲ 8 ಬೈಟಿನಲ್ಲಿ ಪಾಯಿಂಟರನ್ನೂ ಉಳಿದ 8 ಬೈಟಿನಲ್ಲಿ ಆವೃತ್ತಿ ಸಂಖ್ಯೆಯನ್ನೂ ಇಡುತ್ತಾರೆ. ಎರಡೂ ಒಟ್ಟಿಗೆ ಬದಲಾಗುತ್ತವೆ ಎಂಬ ಭರವಸೆಯ ಮೇಲೆಯೇ ಇಡೀ ವಿಧಾನ ನಿಂತಿದೆ. ಟ್ರೇಸ್ ಇದನ್ನು ಎರಡು ಸ್ಟೋರುಗಳಾಗಿ ಬರೆದರೆ, ಆ ಎರಡು ಸಾಲುಗಳ ನಡುವೆ ಇನ್ನೊಂದು ಕೋರಿನ ಓದು ಬಂದು ಕೂರಬಹುದು. ಹೊಸ ಪಾಯಿಂಟರಿನ ಜೊತೆ ಹಳೆಯ ಆವೃತ್ತಿ ಸಂಖ್ಯೆ ಕಂಡಿತು ಎಂದು ಲಾಗ್ ಹೇಳುತ್ತದೆ. ನಿಜದಲ್ಲಿ ಯಾವ ಕೋರೂ ಅಂಥ ಸ್ಥಿತಿಯನ್ನು ಕಂಡೇ ಇರಲಿಲ್ಲ. ಇಲ್ಲದ ರೇಸ್‌ಗಾಗಿ ತಂಡವೊಂದು ಸರಿಯಾದ ಕೋಡನ್ನು ಕೆದಕಲು ಕೂರುತ್ತದೆ. ಬೆಲೆಯನ್ನು ಪ್ಲಗಿನ್ನಿನ ಕಾಲ್‌ಬ್ಯಾಕಿನೊಳಗಿಂದ ಮತ್ತೊಮ್ಮೆ ಮೆಮೊರಿ ಓದಿ ತಿಳಿದುಕೊಂಡರಾಯಿತು ಎನ್ನುವವರೂ ಇದೇ ಗುಂಡಿಗೆ ಬೀಳುತ್ತಾರೆ. ಪ್ರವೇಶ ನಡೆದ ಗಳಿಗೆಗೂ ನೀವು ಓದಿದ ಗಳಿಗೆಗೂ ನಡುವೆ ಬೇರೆ ಕೋರು ಅಲ್ಲಿ ಬೇರೆಯದನ್ನು ಬರೆದಿರಬಹುದು. ಇನ್‌ಸ್ಟ್ರಕ್ಷನ್ ನಿಜಕ್ಕೂ ಮುಟ್ಟಿದ ಬೆಲೆಯನ್ನು ಎಮ್ಯುಲೇಟರೇ ಒಪ್ಪಿಸಬೇಕು, ನಿಮ್ಮ ಸಲಕರಣೆ ಅದನ್ನೇ ಬರೆಯಬೇಕು.

ನನ್ನ ಕೋರಿಕೆಗೆ ನೀವು ಎತ್ತಬಹುದಾದ ಆಕ್ಷೇಪಗಳು ನ್ಯಾಯವಾದವೇ. ಮೊದಲನೆಯದು, ತುಂಡುಗಳನ್ನು ಆಮೇಲೆ ಜೋಡಿಸಿಕೊಳ್ಳಬಹುದಲ್ಲ ಎಂಬುದು. ಅಕ್ಕಪಕ್ಕದ ವಿಳಾಸದ, ಒಂದೇ ಇನ್‌ಸ್ಟ್ರಕ್ಷನ್ನಿನ ಎರಡು ಸಾಲುಗಳು ಬೆನ್ನು ಬೆನ್ನಿಗೆ ಬಂದರೆ ಅವು ಒಂದೇ ಎಂದು ಭಾವಿಸಬಹುದು ಅನ್ನಿಸುತ್ತದೆ. ಆದರೆ 8 ಬೈಟಿನ ಒಂದೇ ಸ್ಟೋರ್ ಇರುವ ಸಣ್ಣ ಲೂಪನ್ನು ನೋಡಿ. ಪ್ರತಿ ಸುತ್ತಿನಲ್ಲೂ ಅದೇ ಇನ್‌ಸ್ಟ್ರಕ್ಷನ್, ವಿಳಾಸ ಮಾತ್ರ ಎಂಟೆಂಟು ಮುಂದೆ: 1000, 1008, 1016, 1024. 16 ಬೈಟಿನ ಎರಡು ಸ್ಟೋರುಗಳನ್ನು ಒಡೆದು ಬರೆದರೂ ಲಾಗಿನಲ್ಲಿ ಕಾಣುವುದು ಅದೇ ಇನ್‌ಸ್ಟ್ರಕ್ಷನ್ ವಿಳಾಸ, ಅವೇ ನಾಲ್ಕು ಸಾಲು. ಮೆಮೊರಿ ಪ್ರವೇಶಗಳಷ್ಟೇ ಇರುವ ಆ ಲಾಗಿನಿಂದ ಯಾವುದು ಯಾವುದೆಂದು ಬೇರ್ಪಡಿಸಲು ಆಧಾರವೇ ಇಲ್ಲ. ಬರೆಯುವಾಗ ಒಂದೆರಡು ಬಿಟ್‌ನಲ್ಲಿ ಹೇಳಬಹುದಾಗಿದ್ದ ಸಂಗತಿಯನ್ನು ಆಮೇಲೆ ಎಷ್ಟು ಜಾಣತನ ಖರ್ಚುಮಾಡಿದರೂ ಮರಳಿ ಪಡೆಯಲಾಗುವುದಿಲ್ಲ.

ಎರಡನೆಯ ಆಕ್ಷೇಪ ಲಾಗಿನ ಗಾತ್ರದ್ದು. ಟ್ರೇಸ್ ಲಾಗುಗಳು ಡಿಸ್ಕನ್ನು ನುಂಗುತ್ತವೆ, ಪ್ರತಿ ಸಾಲಿಗೂ ಹೆಚ್ಚಿನ ಬೈಟು ಸೇರಿಸಿದರೆ ಸಂಭಾಳಿಸುವುದು ಹೇಗೆ ಎಂಬ ಚಿಂತೆ ಸಹಜ. ಲೆಕ್ಕ ಮಾತ್ರ ಬೇರೆಯದನ್ನೇ ಹೇಳುತ್ತದೆ. ಇನ್‌ಸ್ಟ್ರಕ್ಷನ್ ವಿಳಾಸಕ್ಕೆ 8 ಬೈಟು, ಮೆಮೊರಿ ವಿಳಾಸಕ್ಕೆ 8, ಅಗಲ ಮತ್ತು ಓದು-ಬರಹದ ಗುರುತಿಗೆ 4, ಆಮೇಲೆ ಬೆಲೆ ಎಂದಿಟ್ಟುಕೊಳ್ಳಿ. 8 ಬೈಟಿನ ಪ್ರವೇಶಕ್ಕೆ 28 ಬೈಟು ಬೇಕು. 16 ಬೈಟಿನ ಪ್ರವೇಶವನ್ನು ಒಡೆದು ಬರೆದರೆ 56, ಇಡಿಯಾಗಿ ಬರೆದರೆ 36. 64 ಬೈಟಿನದನ್ನು ಒಡೆದರೆ 224, ಇಡಿಯಾಗಿ 84. ಬೆಲೆಯ ಖಾನೆಯನ್ನು ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಕೊಡದೆ, ಅಗಲಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದರೆ ಪ್ರಾಮಾಣಿಕ ಲಾಗೇ ಚಿಕ್ಕದಾಗುತ್ತದೆ. ಬೆಲೆಯೇ ಬೇಡವೆಂದು ವಿಳಾಸ, ಅಗಲಗಳನ್ನಷ್ಟೇ ಬರೆಯುವುದೂ ತಪ್ಪಲ್ಲ. ವ್ಯಾಲ್‌ಗ್ರಿಂಡ್ ಕುಟುಂಬದ ಟ್ರೇಸ್ ಸಲಕರಣೆ ಲ್ಯಾಕಿ ಹಾಗೆಯೇ ಮಾಡುತ್ತದೆ. ಬೆಲೆ ಬಿಟ್ಟಿದ್ದೇವೆ ಎಂಬುದು ಓದುಗರಿಗೆ ಗೊತ್ತಿರಬೇಕು, ಅಷ್ಟೇ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜವಾದ ಚಿಪ್ಪೇ ಅಗಲವಾದ ಪ್ರವೇಶವನ್ನು ಒಳಗೊಳಗೆ ಒಡೆಯುವುದುಂಟು. ಹಾಗಿದ್ದ ಮೇಲೆ ಇಡಿಯಾದದ್ದೇ ನಿಜ ಎನ್ನಲು ಏನು ಆಧಾರ? ಆಧಾರ ಪ್ರೊಸೆಸರಿನ ಕೈಪಿಡಿ. ಚಿಪ್ಪಿನ ಒಳಗಿನ ವ್ಯವಸ್ಥೆ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಕೈಪಿಡಿ ಪ್ರೋಗ್ರಾಮಿಗೆ ಕೊಟ್ಟ ಮಾತು ಹಾಗೆ ಸಡಿಲವಾಗುವುದಿಲ್ಲ, ಬಿಗಿಯಾಗಬಹುದು ಅಷ್ಟೇ. ಎವಿಎಕ್ಸ್ ಇರುವ ಪ್ರೊಸೆಸರುಗಳಲ್ಲಿ 16ರ ಗಡಿಗೆ ಸರಿಯಾಗಿ ಕೂತ 16 ಬೈಟಿನ ಲೋಡ್ ಒಂದೇ ಗಳಿಗೆಯಲ್ಲಿ ನಡೆದಂತೆ ಕಾಣುತ್ತದೆ ಎಂದು ಇಂಟೆಲ್ ಕೈಪಿಡಿ ಭರವಸೆ ಕೊಡುತ್ತದೆ. 32 ಬೈಟಿಗೆ ಆ ಭರವಸೆ ಇಲ್ಲ. ಆರ್ಮ್‌ನಲ್ಲಿ ಎರಡು ರಿಜಿಸ್ಟರುಗಳನ್ನು ಒಟ್ಟಿಗೆ ತುಂಬುವ ಇನ್‌ಸ್ಟ್ರಕ್ಷನ್ ಮೊದಲಿಗೆ 8 ಬೈಟಿನ ಎರಡು ಬೇರೆ ಪ್ರವೇಶಗಳಾಗಿತ್ತು. 8.4 ಆವೃತ್ತಿಯ ಹೊಸ ನಿಯಮ ಬಂದ ಮೇಲೆ, ಆ 16 ಬೈಟುಗಳು 16ರ ಗಡಿಯೊಳಗೇ ಇದ್ದರೆ, ಸಾಮಾನ್ಯ ಮೆಮೊರಿಯಲ್ಲಿ ಅದು ಒಂದೇ ಪ್ರವೇಶವಾಯಿತು. ಆದ್ದರಿಂದ ಒಂದು ಇನ್‌ಸ್ಟ್ರಕ್ಷನ್ ಅಂದರೆ ಯಾವಾಗಲೂ ಒಂದೇ ಪ್ರವೇಶ ಎಂದು ನಾನೂ ಹೇಳುತ್ತಿಲ್ಲ. ಯಾವ ತುಂಡುಗಳು ಒಂದೇ ಇನ್‌ಸ್ಟ್ರಕ್ಷನ್ನಿಗೆ ಸೇರಿದವು ಎಂಬುದು ಒಂದು ಸಂಗತಿ. ಅವು ಒಂದೇ ಗಳಿಗೆಯಲ್ಲಿ ನಡೆದವೇ ಎಂಬುದು ಇನ್ನೊಂದು. ಎರಡಕ್ಕೂ ಲಾಗಿನಲ್ಲಿ ಜಾಗವಿರಬೇಕು. ಒಂದೇ ಕ್ರಯಪತ್ರದಲ್ಲಿ ಮಾರಿದ ಎರಡೆಕರೆಯನ್ನು ದಫ್ತರದಲ್ಲಿ ಒಂದೊಂದೆಕರೆಯ ಎರಡು ಕ್ರಯಗಳೆಂದು ಬರೆದರೆ, ನೆಲದ ಅಳತೆ ಸರಿಯಿದ್ದರೂ ವ್ಯವಹಾರದ ದಾಖಲೆ ಸುಳ್ಳಾಗುತ್ತದೆ. ಸರ್ವೆ ನಂಬರ್ ಎರಡಿದ್ದರೆ ಎರಡನ್ನೂ ಬರೆದು, ಕ್ರಯಪತ್ರ ಒಂದೇ ಎಂದು ನಮೂದಿಸುವುದು ಸರಿಯಾದ ಕ್ರಮ.

ಗಡಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಸಲಕರಣೆಗಳು ಹೆಚ್ಚಾಗಿ ಸೋಲುವುದು ಅಲ್ಲಿಯೇ. ಪುಟದ 4088ನೇ ಬೈಟಿನಿಂದ ಶುರುವಾಗುವ 16 ಬೈಟಿನ ಲೋಡಿನ ಅರ್ಧ ಒಂದು ಪುಟದಲ್ಲಿ, ಉಳಿದರ್ಧ ಮುಂದಿನ ಪುಟದಲ್ಲಿ. ಆ ಎರಡು ಪುಟಗಳು ಭೌತಿಕ ಮೆಮೊರಿಯಲ್ಲಿ ಎಲ್ಲೆಲ್ಲೋ ಇರಬಹುದು. ಒಂದೇ ಭೌತಿಕ ವಿಳಾಸ ಬರೆದರೆ ಉಳಿದರ್ಧದ ವಿಳಾಸ ತಪ್ಪುತ್ತದೆ. ಎರಡನೆಯ ಪುಟ ಆ ಹೊತ್ತಿಗೆ ಮೆಮೊರಿಯಲ್ಲೇ ಇಲ್ಲದಿದ್ದರೆ ಪೇಜ್ ಫಾಲ್ಟ್ ಬಂದು ಇನ್‌ಸ್ಟ್ರಕ್ಷನ್ ಮತ್ತೆ ಮೊದಲಿಂದ ಓಡುತ್ತದೆ. ತುಂಡು ತುಂಡಾಗಿ ಬರೆಯುವ ಸಲಕರಣೆ ಮೊದಲರ್ಧವನ್ನು ಎರಡು ಸಲ ಬರೆದುಬಿಡುತ್ತದೆ. ಇದರ ಜೊತೆಗೆ ಮಾಸ್ಕ್ ಇರುವ ಪ್ರವೇಶಗಳಿವೆ. ಎವಿಎಕ್ಸ್-512 ಮತ್ತು ಎಸ್‌ವಿಇಗಳಲ್ಲಿ 64 ಬೈಟಿನ ಸ್ಟೋರ್ ಅದರಲ್ಲಿ 20 ಬೈಟನ್ನು ಮಾತ್ರ ಮುಟ್ಟಬಹುದು. ಅಲ್ಲಿ ಅಗಲ 64 ಎಂದಷ್ಟೇ ಬರೆದರೆ ಮುಟ್ಟದ 44 ಬೈಟನ್ನು ಮುಟ್ಟಿದಂತೆ ಹೇಳಿದ ಹಾಗಾಯಿತು. ಚದುರಿದ ವಿಳಾಸಗಳಿಂದ ಒಂದೇ ಇನ್‌ಸ್ಟ್ರಕ್ಷನ್ನಿನಲ್ಲಿ ಎಂಟು ಬೆಲೆಗಳನ್ನು ಆಯುವ ಗ್ಯಾದರ್ ಲೋಡುಗಳಿಗೆ ಒಂದು ವಿಳಾಸ, ಒಂದು ಅಗಲ ಎಂಬ ಚೌಕಟ್ಟೇ ಒಗ್ಗುವುದಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆಗಳು ಇವು. ಮೊದಲನೆಯದಾಗಿ, ಪ್ರತಿ ಸಾಲಿನಲ್ಲೂ ಅಗಲವನ್ನು ಬೈಟುಗಳಲ್ಲಿ ಸ್ಪಷ್ಟವಾಗಿ ಬರೆಯಿರಿ. ಮಾಸ್ಕ್ ಇದ್ದರೆ ಯಾವ ಬೈಟುಗಳನ್ನು ಮುಟ್ಟಿತೆಂದೂ ಬರೆಯಿರಿ. ಎರಡನೆಯದಾಗಿ, ಇನ್‌ಸ್ಟ್ರಕ್ಷನ್ ಪ್ರತಿ ಸಲ ಓಡಿದಾಗಲೂ ಅದಕ್ಕೊಂದು ಕ್ರಮಸಂಖ್ಯೆ ಕೊಡಿ. ಅದರ ತುಂಡುಗಳೆಲ್ಲ ಅದೇ ಸಂಖ್ಯೆ ಹೊತ್ತಿರಲಿ, ಎಷ್ಟರಲ್ಲಿ ಎಷ್ಟನೆಯ ತುಂಡು ಎಂಬುದೂ ಇರಲಿ, ಕೈಪಿಡಿಯ ಪ್ರಕಾರ ಅವು ಒಂದೇ ಗಳಿಗೆಯವೇ ಎಂಬ ಗುರುತೂ ಇರಲಿ. ಮೂರನೆಯದಾಗಿ, ಬೆಲೆ ಬರೆಯುವುದಾದರೆ ಪೂರ್ತಿ ಬರೆಯಿರಿ, ಬೈಟುಗಳ ಕ್ರಮ ಯಾವುದೆಂದು ಲಾಗಿನ ತಲೆಯಲ್ಲೇ ಹೇಳಿ. ಬೆಲೆಗೆ ಖಾನೆ ಸಾಲದಿದ್ದರೆ ಕೈಬಿಡುವ ಬದಲು ದೋಷ ತೋರಿಸಿ ನಿಲ್ಲಿ. ನಾಲ್ಕನೆಯದಾಗಿ, 00, 01, 02 ಎಂದು ಪ್ರತಿ ಬೈಟೂ ಬೇರೆ ಬೇರೆಯಾಗಿರುವ 16 ಮತ್ತು 32 ಬೈಟಿನ ಸ್ಟೋರುಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಸೊನ್ನೆಗಳನ್ನೇ ಬರೆದು ಪರೀಕ್ಷಿಸಿದರೆ ಅರ್ಧ ಕಳೆದುಹೋದದ್ದೂ ಕ್ರಮ ತಿರುಗಿದ್ದೂ ಗೊತ್ತಾಗುವುದಿಲ್ಲ. ಗಡಿಗೆ ಸರಿಯಾಗಿ ಕೂತದ್ದು, ಕೂರದೇ ಇದ್ದದ್ದು, ಕ್ಯಾಶ್ ಲೈನ್ ದಾಟಿದ್ದು, ಪುಟ ದಾಟಿದ್ದು, ಎರಡನೆಯ ಪುಟ ಇಲ್ಲದ್ದು ಎಂಬ ಐದು ಸ್ಥಿತಿಗಳಲ್ಲೂ ಅದೇ ಪರೀಕ್ಷೆ ನಡೆಯಲಿ. ಐದನೆಯದಾಗಿ, ಎಮ್ಯುಲೇಟರ್ ಅನುವಾದಿಸಿದ ಕೋಡಿನಿಂದ ಹೊರಗೆ, ಸಹಾಯಕ ಫಂಕ್ಷನ್ನುಗಳ ಮೂಲಕ ನಡೆಸುವ ಪ್ರವೇಶಗಳು ನಿಮ್ಮ ಲಾಗಿಗೆ ಬರುತ್ತವೆಯೇ ಎಂದು ಪ್ರತ್ಯೇಕವಾಗಿ ನೋಡಿ, ಬಾರದಿದ್ದರೆ ಬರುವುದಿಲ್ಲವೆಂದು ಬರೆದಿಡಿ.

ಎಲ್ಲವನ್ನೂ ಮೊದಲ ದಿನವೇ ಮಾಡಿ ಮುಗಿಸಿ ಎಂದು ಕೇಳುತ್ತಿಲ್ಲ. ಸರಳೀಕರಣ ಪಾಪವೇನಲ್ಲ. ವ್ಯಾಲ್‌ಗ್ರಿಂಡ್ ಕುಟುಂಬದ್ದೇ ಆದ ಕ್ಯಾಶ್ ಸಿಮ್ಯುಲೇಟರ್ ಕ್ಯಾಶ್‌ಗ್ರಿಂಡ್ ಎರಡು ಕ್ಯಾಶ್ ಲೈನ್ ಮೇಲೆ ಹರಡಿದ ಪ್ರವೇಶದಲ್ಲಿ ಎರಡೂ ಮಿಸ್ ಆದರೂ ಒಂದೇ ಮಿಸ್ ಎಂದು ಎಣಿಸುತ್ತದೆ, ಮತ್ತು ಹಾಗೆ ಎಣಿಸುತ್ತೇನೆಂದು ತನ್ನ ಕೈಪಿಡಿಯಲ್ಲಿ ಬಾಯಿಬಿಟ್ಟು ಹೇಳುತ್ತದೆ. ಅದನ್ನು ಓದಿದವರು ಅಂಕಿಯನ್ನು ಎಷ್ಟು ನಂಬಬೇಕೋ ಅಷ್ಟು ನಂಬುತ್ತಾರೆ. ಕ್ಯೂಎಮು ಇಂದು 16 ಬೈಟಿನ ಪ್ರವೇಶವನ್ನು ಒಳಗೆ ಎರಡಾಗಿ ನಡೆಸಬೇಕಾಗಿ ಬಂದರೂ ಪ್ಲಗಿನ್‌ಗೆ ಒಂದೇ ಪ್ರವೇಶವಾಗಿ ಒಪ್ಪಿಸುತ್ತದೆ. ಇಡಿಯಾದ ದಾಖಲೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಂದಿನ ಚಿಪ್ಪುಗಳಲ್ಲಿ ಪ್ರವೇಶಗಳ ಅಗಲ ಇನ್ನೂ ಹೆಚ್ಚಬಹುದು. ಆ ಚಿಪ್ಪುಗಳಲ್ಲಿ ಕೆಲವನ್ನು ನೀವೇ ವಿನ್ಯಾಸ ಮಾಡುತ್ತೀರಿ, ಆ ವಿನ್ಯಾಸದ ತೀರ್ಮಾನಗಳಿಗೆ ನಿಮ್ಮದೇ ಟ್ರೇಸುಗಳು ಆಧಾರವಾಗುತ್ತವೆ. ದಯವಿಟ್ಟು ಈಗ ನಿಮ್ಮ ಕೈಯಲ್ಲಿರುವ ಸಲಕರಣೆಯಲ್ಲಿ 16 ಬೈಟಿನ ಒಂದು ಸ್ಟೋರ್ ಓಡಿಸಿ, ಲಾಗನ್ನು ತೆರೆದು, ಹದಿನಾರೂ ಬೈಟುಗಳು ಒಂದೇ ಇನ್‌ಸ್ಟ್ರಕ್ಷನ್ನಿನ ಹೆಸರಿನಲ್ಲಿ ಇವೆಯೇ ಎಂದು ಪರಿಶೀಲಿಸಿ. ಇಲ್ಲದಿದ್ದರೆ ತಿದ್ದಿ, ತಿದ್ದುವವರೆಗೆ ಅದನ್ನು ಬಳಸುವವರಿಗೆ ತಿಳಿಸಿ.



ಇಂತಿ ನಿಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಷಯಗಳ ಕನ್ನಡ ಬರಹಗಾರ